ಮೊಬೈಲ್ ಫೋಟೊದಲ್ಲೇ ಹಳೇ ಗುಡಿ ಅಳೆದೆ: ನನ್ನ ಅನುಭವ

ಲೇಸರ್ ಸ್ಕ್ಯಾನರ್ ಇಲ್ಲದೆ ಹೊಯ್ಸಳರ ಗುಡಿಯ ನಕ್ಷೆ ಮಾಡೋಕಾಗಲ್ಲ ಅಂದವರಿಗೆಲ್ಲ ಈಗ ನಕ್ಷೆ ಕಳಿಸಿದ್ದೇನೆ. ಯಾರಿಂದಲೂ ಉತ್ತರ ಬಂದಿಲ್ಲ.

ಗುಡಿ ಅರಸೀಕೆರೆ ಕಡೆಯದು. ಊರಿನ ಹೆಸರು ಬರೆಯುವುದಿಲ್ಲ, ನಿಧಿ ಆಸೆಗೆ ಗರ್ಭಗುಡಿ ನೆಲ ಒಮ್ಮೆ ಅಗೆದು ಹೋಗಿದ್ದಾರೆ, ಅಷ್ಟೇ ಸಾಕು. ಬಳಪದ ಕಲ್ಲಿನ ಏಕಕೂಟ, ಅಂದರೆ ಒಂದೇ ಗರ್ಭಗುಡಿಯದು. ಗರ್ಭಗುಡಿ, ಅದರ ಮುಂದಿನ ಚಿಕ್ಕ ಕೋಣೆ ಸುಕನಾಸಿ, ಕಂಬಗಳ ಹಜಾರ ನವರಂಗ, ಮುಂದೆ ಮುಖಮಂಟಪ. ಶಾಸನ ಸಿಕ್ಕಿಲ್ಲ. ಹಾಗಾಗಿ ಕಾಲ ಹೇಳಬೇಕಾದರೆ ಕಟ್ಟಡ ನೋಡಿಯೇ ಹೇಳಬೇಕು.

ಹೊರಗಿನ ಗೋಡೆ ಸಲೀಸು. ಮೋಡ ಮುಸುಕಿದ ಬೆಳಿಗ್ಗೆ ಹೋಗಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಒಂದು ಫೋಟೊಗೂ ಮುಂದಿನದಕ್ಕೂ ಮುಕ್ಕಾಲು ಭಾಗ ಓವರ್‌ಲ್ಯಾಪ್ ಇಟ್ಟುಕೊಂಡು ಸುತ್ತು ಬಂದರೆ ಮೆಶ್‌ರೂಮ್ ಅನ್ನೋ ಸಾಫ್ಟ್‌ವೇರ್ ಅವನ್ನು ತಾನೇ 3ಡಿ ಮಾಡೆಲ್ ಆಗಿ ಜೋಡಿಸುತ್ತದೆ. ಸತಾಯಿಸಿದ್ದು ನವರಂಗದ ನಾಲ್ಕು ಕಂಬ. ತಿರುಗಿಸಿ ಕಡೆದ ಕಂಬಗಳು ಅಲ್ವಾ, ಕನ್ನಡಿ ಥರ ಹೊಳೆಯುತ್ತವೆ. ನಾವು ಒಂದು ಹೆಜ್ಜೆ ಸರಿದರೆ ಹೊಳಪೂ ಸರಿಯುತ್ತದೆ, ಸಾಫ್ಟ್‌ವೇರ್ ತಲೆ ಕೆಟ್ಟು ಕಂಬದ ಜಾಗದಲ್ಲಿ ಮುದ್ದೆ ಮಾಡಿ ಕೊಡುತ್ತದೆ. ಫ್ಲ್ಯಾಶ್ ಹಾಕಿದರೆ ಇನ್ನೂ ಕೆಟ್ಟದಾಯಿತು. ಎಂಟುನೂರೋ ಏನೋ ಕೊಟ್ಟು ಮೊಬೈಲ್‌ಗೆ ಸಿಕ್ಕಿಸುವ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ತರಿಸಿದೆ, ದಂಡ. ಸೀಮೆಸುಣ್ಣದ ಪುಡಿ ಬಳಿಯಿರಿ ಅಂತ ಒಬ್ಬರು ಹೇಳಿದರು. ದಯವಿಟ್ಟು ಬೇಡ, ಎಣ್ಣೆ ಜಿಡ್ಡಿಗೆ ಕಚ್ಚಿಕೊಂಡರೆ ಮತ್ತೆ ಹೋಗುವುದಿಲ್ಲ. ಕೊನೆಗೆ ಬಾಗಿಲ ಹೊರಗೆ ಬಿಳಿ ಪಂಚೆ ಹಿಡಿಸಿ ಬೆಳಕನ್ನು ಒಳಗೆ ತಿರುಗಿಸಿದೆ. ಜೊತೆಗೆ ಇನ್ನೊಂದು ಉಪಾಯ ಇದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಗುಡಿಗೂ ಬೇಕು.

ಸ್ಕ್ಯಾನರ್ ಬಾಡಿಗೆ ಕೇಳಿದ್ದೆ, ದಿನಕ್ಕೆ ಇಪ್ಪತ್ತೈದು ಸಾವಿರದ ಹತ್ತಿರ ಹೇಳಿದರು, ನಕ್ಷೆಗೆ ದುಡ್ಡು ಬೇರೆ. ನನಗೆ ಲೇಸರ್ ಟೇಪ್ ಎರಡೂವರೆ ಸಾವಿರ, ಎಲ್‌ಇಡಿ ಪ್ಯಾನೆಲ್ (ಈಗ ಕರೆಂಟ್ ಹೋದಾಗ ಅಡುಗೆಮನೆಗೆ), ಪೆಟ್ರೋಲ್ ಒಂದಿಷ್ಟು. ಮೆಶ್‌ರೂಮ್ ಓಡಿಸಲು ಹಳೇ ಗ್ರಾಫಿಕ್ಸ್ ಕಾರ್ಡ್‌ಗೆ ಹನ್ನೆರಡು ಸಾವಿರ ಹೋಯಿತು, ಆದರೆ ಅದರಲ್ಲಿ ಮಗ ಗೇಮ್ ಆಡುತ್ತಾನೆ, ಗುಡಿ ಲೆಕ್ಕಕ್ಕೆ ಸೇರಿಸಿಲ್ಲ.

ಚಾವಣಿಗೆ ಡ್ರೋನ್ ಬೇಡ ಅಂತ ಬಿದಿರಿನ ದೋಟಿಗೆ ಮೊಬೈಲ್ ಕಟ್ಟಿ ಎತ್ತಿದೆ. ತುದಿ ತೂಗಿ ತೂಗಿ ಎಲ್ಲ ಫೋಟೊ ಮಸುಕು. ಭಾವನ ತೋಟದ ಫೈಬರ್ ದೋಟಿ ತಂದ ಮೇಲೆ ಶಿಖರದ ಅರ್ಧ ಭಾಗ ಚೆನ್ನಾಗಿ ಬಂತು. ಅಡಿಕೆ ಕೊಯ್ಯುವವರು ನೋಡಿ ನಕ್ಕರು, ನಗಲಿ.

ಈಗ ಫಲ ಏನು ಅಂತ. ಮುಖಮಂಟಪದ್ದೂ ಬಳಪದ ಕಲ್ಲೇ, ಅದೇ ಥರದ ಕಂಬ, ಮೇಲೆ ತಲೆಮಾರುಗಳ ಸುಣ್ಣ. ಎಲ್ಲ ಒಂದೇ ಕಾಲದ್ದು ಅಂತ ನೋಡಿದವರೆಲ್ಲ ಹೇಳುತ್ತಿದ್ದರು. ಮಾಡೆಲ್‌ನಲ್ಲಿ ಬಣ್ಣ ತೆಗೆದು ಬರೀ ಆಕಾರ ಇಟ್ಟು, ಕ್ಲೌಡ್‌ಕಂಪೇರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಕೊಯ್ದು ನೋಡಿದೆ. ಮಂಟಪದ ಅಧಿಷ್ಠಾನದ (ಬುಡದ ಕಟ್ಟೆಯ) ಪಟ್ಟಿಗಳು ಮೂಲ ಗುಡಿಯವಕ್ಕಿಂತ ಎರಡು ಇಂಚು ತಗ್ಗಿನಲ್ಲಿ ಹೋಗುತ್ತವೆ. ಎರಡೂ ಸೇರುವ ಸಂದು ಮೇಲಿಂದ ಕೆಳಗೆ ನೆಟ್ಟಗೆ ಇದೆ, ಕಲ್ಲಿಗೆ ಕಲ್ಲು ಹೆಣೆದಿಲ್ಲ. ನವರಂಗದ ಗೋಡೆಯ ಕೆತ್ತನೆ ಮಂಟಪದ ಅರೆಗಂಬದ ಹಿಂದೆಯೂ ಮುಂದುವರಿದಿದೆ. ಮುಚ್ಚಿಹೋಗುವ ಜಾಗಕ್ಕೆ ಯಾವ ಶಿಲ್ಪಿ ಸುಮ್ನೆ ಉಳಿ ಹಿಡಿಯುತ್ತಾನೆ? ಮಂಟಪ ಆಮೇಲೆ ಸೇರಿಸಿದ್ದು.

ಮೂಲ ಗುಡಿಗೆ ಸೂರು ಒಂದೇ, ಬುಡದಲ್ಲಿ ಐದು ಪಟ್ಟಿ. 1114ರ ದೊಡ್ಡಗದ್ದವಳ್ಳಿ, 1173ರ ಕೋರವಂಗಲದ ಬೂಚೇಶ್ವರ ನೋಡಿದವರಿಗೆ ಈ ಲಕ್ಷಣ ಗೊತ್ತು. 1246ರ ನುಗ್ಗೇಹಳ್ಳಿ, ಅದರ ನಂತರದ ಸೋಮನಾಥಪುರದ ಹೊತ್ತಿಗೆ ಸೂರು ಎರಡಾಗಿ, ಆನೆ ಕುದುರೆ ಬಳ್ಳಿಗಳ ಆರು ಸಾಲು ಬಂದಿರುತ್ತವೆ. ಹಾಗಂತ ಇದು ಹನ್ನೆರಡನೇ ಶತಮಾನದ್ದೇ ಅಂತ ಆಣೆ ಇಡುವುದಿಲ್ಲ. ಹಣ ಕಮ್ಮಿ ಇದ್ದ ಹಳ್ಳಿಯವರು ಹಳೇ ಮಾದರಿಯನ್ನೇ ಜಾಸ್ತಿ ದಿನ ಹಿಡಿದುಕೊಂಡಿದ್ದರೂ ಇರಬಹುದು.

ಗುಡಿ ಸಮಿತಿಯವರಿಗೆ ಮುಖಮಂಟಪ ಕೆಡವಿ ಆರ್‌ಸಿಸಿ ಹಾಕಿಸುವ ಯೋಚನೆ ಮೊದಲೇ ಇತ್ತು. ನಕ್ಷೆ ಪ್ರಿಂಟ್ ಹಾಕಿಸಿ ತೋರಿಸಿದರೆ, "ಮಂಟಪ ಹಳೇದಲ್ಲ ಅಂತ ನೀವೇ ಹೇಳ್ತಿದೀರಲ್ಲ ಸಾರ್" ಅಂದರು. "ಆಮೇಲಿನದು ಅಂದ್ರೆ ಒಂದೆರಡು ತಲೆಮಾರು ಆಮೇಲೆ ಯಜಮಾನ್ರೇ, ಅದೂ ಹೊಯ್ಸಳರ ಕಾಲದ್ದೇ ಇರಬೇಕು" ಅಂದೆ. ಪೂರ್ತಿ ಒಪ್ಪಿಲ್ಲ. ಅದಕ್ಕೇ ಈಗ ಮಂಟಪದ ಒಂದೊಂದು ಕಲ್ಲಿಗೂ ನಕ್ಷೆಯಲ್ಲಿ ನಂಬರ್ ಹಾಕುತ್ತಿದ್ದೇನೆ. ಬಿಚ್ಚಿದರೂ ತಿರುಗಿ ಜೋಡಿಸುವಂತಿರಬೇಕು. ಹೆಚ್ಚುಕಮ್ಮಿ ಅರ್ಧ ಆಗಿದೆ, ಮಳೆಗಾಲದೊಳಗೆ ಉಳಿದದ್ದೂ ಆಗಬೇಕು.