ಬದುವಿನ ಮೇಲೆ ತಂಗಡಿ, ತುಂಬೆ: ಬದನೆಗೆ ದುಂಬಿಗಳನ್ನು ಕರೆದ ಬಗೆ

ಬದನೆ ಬೆಳೆಯುವವರಲ್ಲಿ ಅನೇಕರು ಹೊಲದ ಮೂಲೆಯಲ್ಲೊಂದು ಜೇನುಪೆಟ್ಟಿಗೆ ಇಟ್ಟರೆ ಪರಾಗಸ್ಪರ್ಶದ ಚಿಂತೆ ತೀರಿತೆಂದು ತಿಳಿಯುತ್ತಾರೆ. ಆದರೆ ಬದನೆಯ ಹೂವಿನಲ್ಲಿ ಮಕರಂದವಿಲ್ಲ. ಪರಾಗವಾದರೂ ಪರಾಗಕೋಶದ ತುದಿಯ ಸಣ್ಣ ರಂಧ್ರದಿಂದಲೇ ಉದುರಬೇಕು. ಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ, ಒಂಟಿಯಾಗಿ ಬಾಳುವ ಜೇನು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಪರಾಗವನ್ನು ಉದುರಿಸುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಇಲ್ಲ. ಕಪ್ಪು ದುಂಬಿಯನ್ನೂ ನೀಲಿ ಪಟ್ಟೆಯ ಜೇನನ್ನೂ ಪೆಟ್ಟಿಗೆಯಲ್ಲಿಟ್ಟು ಸಾಕಲಾಗದು. ಅವು ತಾವಾಗಿಯೇ ಬಂದು ನೆಲೆಸುವಂತೆ ವರ್ಷದ ಬಹುಕಾಲ ಹೂವನ್ನು ಒದಗಿಸಬೇಕು. ಆದ್ದರಿಂದ ತುಮಕೂರು ಜಿಲ್ಲೆಯ ನಮ್ಮ ಕೆಂಪು ಮಣ್ಣಿನ ಹೊಲದ ಬದುಗಳಲ್ಲಿ ಕಾಡುಹೂಗಳನ್ನು ಬೀಜದಿಂದಲೇ ಬೆಳೆಸಿದೆನು.

ಅಂಗಡಿಯ 'ಚಿಟ್ಟೆ ತೋಟ'ದ ಪೊಟ್ಟಣಗಳಲ್ಲಿ ಸಿಗುವುದು ಹೆಚ್ಚಾಗಿ ಮೆಕ್ಸಿಕೋ ಮೂಲದ ಕಾಸ್ಮಾಸ್ ಮತ್ತು ಜಿನ್ನಿಯಾ. ಅವು ನೀರು ಬೇಡುತ್ತವೆ, ಬೇಸಿಗೆಯಲ್ಲಿ ಸೊರಗುತ್ತವೆ. ನಾನು ಬೀಜ ಆರಿಸಿದ್ದು ರಸ್ತೆಬದಿಯ ಮತ್ತು ಬೀಳುಭೂಮಿಯ ಗಿಡಗಳಿಂದ, ಅದೂ ಪ್ರತಿ ಗಿಡದಲ್ಲಿ ಬಹುಪಾಲನ್ನು ಅಲ್ಲಿಯೇ ಬಿಟ್ಟು.

ತಂಗಡಿಯೇ ನನ್ನ ಮುಖ್ಯ ಗಿಡ. ಬರವನ್ನು ತಡೆಯುತ್ತದೆ, ವರ್ಷದ ಹೆಚ್ಚಿನ ತಿಂಗಳು ಹಳದಿ ಹೂ ಬಿಡುತ್ತದೆ, ಇದರ ಪರಾಗಕೋಶವೂ ಬದನೆಯದರಂತೆ ತುದಿಯಲ್ಲಿಯೇ ತೆರೆಯುತ್ತದೆ. ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ಕೆಲವು ಮೊಳೆತು ಉಳಿದವು ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತವೆ. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಬೀಜ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಉಬ್ಬಿದವುಗಳನ್ನು ಆರಿಸಿಕೊಂಡು, ಉಬ್ಬದೆ ಉಳಿದವುಗಳ ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ, ಒಳಗಿನ ಬಿಳುಪು ಇಣುಕುವಷ್ಟು ಮಾತ್ರ ಉಜ್ಜಿ ಮತ್ತೆ ನೆನೆಸುತ್ತೇನೆ. ಮಾರ್ಚ್‌ನಲ್ಲಿ ಉದ್ದನೆಯ ಪಾಲಿಥೀನ್ ಚೀಲಗಳಿಗೆ ಬಿತ್ತಿ, ತಾಯಿಬೇರು ಚೀಲದ ತಳದಲ್ಲಿ ಸುರುಳಿಯಾಗುವ ಮೊದಲೇ, ಮೃಗಶಿರಾ ಮಳೆಗೆ ಬದುವಿಗೆ ನೆಡುವುದು ವಾಡಿಕೆ.

ತುಂಬೆಯ ರೀತಿಯೇ ಬೇರೆ. ಅದರ ಹೂಗೊಂಚಲು ಕಂದುಬಣ್ಣಕ್ಕೆ ತಿರುಗಿ ಒಣಗಿದಾಗ ಬುಡಮೇಲು ಮಾಡಿ ಕಾಗದದ ಮೇಲೆ ತಟ್ಟಿದರೆ, ಪುಟ್ಟ ಕಪ್ಪು ಬೀಜಗಳು ಹೊಟ್ಟಿನೊಡನೆ ಬೀಳುತ್ತವೆ. ಅವನ್ನು ಒಣಮರಳಿನೊಡನೆ ಬೆರೆಸಿ, ಕೆದಕಿದ ನೆಲದ ಮೇಲೆ ಎರಚಿ ಅಂಗೈಯಿಂದ ಒತ್ತಬೇಕಷ್ಟೇ, ಮಣ್ಣು ಮುಚ್ಚಬಾರದು. ಮುಂಗಾರು ಹಿಡಿದ ಮೇಲೆ ಮೊಳೆತು, ಹಿಂಗಾರಿನವರೆಗೂ ಬಿಳಿ ಹೂ ಕೊಡುತ್ತದೆ. ತಂಗಡಿಯ ಹೂವಿನಲ್ಲಿ ಸಿಗದ ಮಕರಂದವನ್ನು ನೀಲಿ ಪಟ್ಟೆಯ ಜೇನು ಇಲ್ಲಿ ಹೀರುವುದನ್ನು ಬೆಳಗಿನ ಹೊತ್ತು ಕಾಣಬಹುದು.

ಮೂರನೆಯದು ಗಿಲಿಗಿಚ್ಚಿ. ಗಾಳಿಗೆ ಕಾಯಿ ಅಲುಗಿ ಒಳಗಿನ ಬೀಜ ಸದ್ದು ಮಾಡಿದರೆ ಕೊಯ್ಯಬಹುದು. ಇದಕ್ಕೂ ಬಿಸಿನೀರಿನ ಉಪಚಾರವೇ ಸಾಕು. ಕಪ್ಪು ದುಂಬಿಗೆ ಇದರ ಹೂವು ಅಚ್ಚುಮೆಚ್ಚು. ಬಾಡಿದ ಎಲೆಗಳ ರಸಕ್ಕೆ ನೀಲಿ ಹುಲಿ ಚಿಟ್ಟೆಗಳೂ ಮುತ್ತುತ್ತವೆ. ಆದರೆ ಇದರ ಎಲೆ ಮತ್ತು ಬೀಜದ ವಿಷ ದನಕರುಗಳ ಯಕೃತ್ತನ್ನು ಕೆಡಿಸುವುದರಿಂದ, ಮೇವು ಕೊಯ್ಯುವ ಬದುವಿನಲ್ಲಿ ನಾನು ಇದನ್ನು ಬಿತ್ತುವುದೇ ಇಲ್ಲ.

ಮೊಳಕೆ ಬರಿಸುವುದಕ್ಕಿಂತ ಅದನ್ನು ಕಳೆಯ ಕೈಯಿಂದ ಉಳಿಸುವುದೇ ಹೆಚ್ಚಿನ ಕೆಲಸ. ಪಾರ್ಥೇನಿಯಂ ಸಸಿಯ ಸೀಳೆಲೆಗಳು ನೆಲಕ್ಕೆ ಅಂಟಿಕೊಂಡು ವೃತ್ತಾಕಾರವಾಗಿ ಹರಡುತ್ತವೆ. ತುಂಬೆಯ ಎಲೆಗಳು ಎದುರುಬದುರಾಗಿದ್ದು ಕಾಂಡ ಚೌಕವಾಗಿರುತ್ತದೆ. ಕಳೆ ತೆಗೆಯಲು ಬರುವ ಹೆಂಗಸರಿಗೆ ಎರಡನ್ನೂ ಕಿತ್ತು ಕೈಗಿಟ್ಟು ತೋರಿಸಿದ ಮೇಲೆ, ಗುರುತಿಸುವುದರಲ್ಲಿ ಅವರು ನನ್ನನ್ನೇ ಮೀರಿಸಿದರು. ಬದುವಿಗೆ ಕಳೆನಾಶಕ ಹೊಡೆಸುವುದಿಲ್ಲ. ಬದನೆಗೆ ಸಿಂಪರಣೆ ಅನಿವಾರ್ಯವಾದರೆ ದುಂಬಿಗಳ ಓಡಾಟ ನಿಂತ ಸಂಜೆಯ ಮೇಲೆಯೇ ಮಾಡಿಸುತ್ತೇನೆ.

ಹೂವಿದ್ದ ಮಾತ್ರಕ್ಕೆ ಇವು ನೆಲೆಸಲಾರವು. ನೀಲಿ ಪಟ್ಟೆಯ ಜೇನು ಮಣ್ಣಿನಲ್ಲಿ ಬಿಲ ತೋಡುವುದರಿಂದ ಬದುವಿನ ಬಿಸಿಲು ಬೀಳುವ ಒಂದು ಪಕ್ಕವನ್ನು ಹೊದಿಕೆಯಿಲ್ಲದೆ, ಅಗೆಯದೆ ಬಿಟ್ಟಿದ್ದೇನೆ. ಸತ್ತ ಮರದ ಕೊರಡೊಂದನ್ನು ಸೌದೆಗೆ ಕಡಿಯದೆ ಬೇಲಿಗೆ ಒರಗಿಸಿಟ್ಟಿದ್ದು, ಅದರಲ್ಲಿ ಕಪ್ಪು ದುಂಬಿ ಕೊರೆದ ದುಂಡನೆಯ ತೂತುಗಳಿವೆ. ಕೆಳಗೆ ಬಿದ್ದಿರುವ ಹೊಸ ಮರದ ಪುಡಿಯಿಂದ ಒಳಗೆ ವಾಸವಿದೆಯೇ ಎಂದು ತಿಳಿಯುತ್ತದೆ.