ಕೇಬಲ್ ತೆಗೆಸುವ ಮುಂಚೆ ವೈಫೈ ಡಬ್ಬಿ ಎಲ್ಲಿದೆ ನೋಡಿ

ಚಿಂತಾಮಣಿಯಲ್ಲಿ ನಮ್ಮ ಬೀದಿಯ ನಾಲ್ಕೈದು ಮನೆಗಳಿಗೆ ಟಿವಿ ಸ್ಟಿಕ್ ಜೋಡಿಸಿಕೊಟ್ಟಿದ್ದೇನೆ. ಟಿವಿಗೆ ಚುಚ್ಚಿದರೆ ಕೇಬಲ್ ಬದಲು ನೆಟ್‌ನಿಂದ ಕಾರ್ಯಕ್ರಮ ತೋರಿಸುವ ಸಣ್ಣ ಸಾಧನ ಅದು. ಬೇರೆಯವರು ಜೋಡಿಸಿ ಹೋದ ಮೇಲೆ ಸರಿ ಹೋಗದೆ ನನ್ನನ್ನು ಕರೆದ ಮನೆಗಳು ಅದಕ್ಕಿಂತ ಜಾಸ್ತಿ. ಎಲ್ಲಾ ಕಡೆಯೂ ನಡೆದದ್ದು ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬರುತ್ತಾನೆ, ಜೊತೆಗೆ ಸ್ಟಿಕ್ ತರುತ್ತಾನೆ. ಅವತ್ತೇ ಕೇಬಲ್‌ನವರಿಗೆ ಫೋನ್ ಮಾಡಿ "ಇನ್ನು ಬೇಡಣ್ಣ" ಅಂದುಬಿಡುತ್ತಾನೆ. ಭಾನುವಾರ ಸಂಜೆ ಬಸ್ ಹತ್ತುತ್ತಾನೆ. ಸೋಮವಾರ ರಾತ್ರಿ ಸೀರಿಯಲ್ ಹೊತ್ತಿಗೆ ಪರದೆ ಮೇಲೆ ಬಿಳಿ ಚಕ್ರ ಸುತ್ತುತ್ತಿರುತ್ತದೆ, ಅಮ್ಮ ರಿಮೋಟ್ ಹಿಡಿದುಕೊಂಡು ಸುಮ್ನೆ ಕೂತಿರುತ್ತಾರೆ.

ಎಲ್ಲರೂ ಸ್ಟಿಕ್ಕನ್ನು ಬೈಯುತ್ತಾರೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಸ್ಟಿಕ್ ಚೆನ್ನಾಗಿಯೇ ಇತ್ತು. ಮನೆಯೊಳಗೆ ನೆಟ್ ಹಂಚುವ ವೈಫೈ ಡಬ್ಬಿ (ರೌಟರ್) ಮಾತ್ರ ಇರಬಾರದ ಜಾಗದಲ್ಲಿತ್ತು.

ಅದಕ್ಕೇ ಮೊದಲೇ ಹೇಳುತ್ತೇನೆ. ಕೇಬಲ್ ಈಗಲೇ ತೆಗೆಸಬೇಡಿ. ಒಂದು ತಿಂಗಳು ಎರಡೂ ಇರಲಿ. ಆ ಒಂದು ತಿಂಗಳ ಕೇಬಲ್ ದುಡ್ಡು ದಂಡ ಅಲ್ಲ.

ಮನೆಯಲ್ಲಿ ಯಾರು ಏನು ನೋಡುತ್ತಾರೆ?

ಒಂದು ಹಾಳೆಯನ್ನು ಟಿವಿ ಪಕ್ಕ ಅಂಟಿಸಿ. ಒಂದು ವಾರ ಮನೆಯವರು ನಿಜವಾಗಿ ನೋಡಿದ ಚಾನೆಲ್‌ಗಳನ್ನು ಮಾತ್ರ ಬರೆಯಿರಿ. ಇನ್ನೂರು ಚಾನೆಲ್ ಬರುವ ಮನೆಯಲ್ಲೂ ಏಳೆಂಟಕ್ಕಿಂತ ಜಾಸ್ತಿ ಸೇರುವುದಿಲ್ಲ.

ಆಮೇಲೆ ಯಾವುದು ಎಲ್ಲಿ ಸಿಗುತ್ತದೆ ಅಂತ ಜೋಡಿಸಿ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ ಕಾರ್ಯಕ್ರಮಗಳು ಜಿಯೋಹಾಟ್‌ಸ್ಟಾರ್‌ನಲ್ಲಿವೆ. ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ 2025ರ ಫೆಬ್ರುವರಿಯಲ್ಲಿ ಒಂದಾದವು, ಹಳೇ ಹೆಸರಿನಲ್ಲಿ ಹುಡುಕಬೇಡಿ. ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್. ಕನ್ನಡದ ದೊಡ್ಡ ನ್ಯೂಸ್ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವೆ, ಅದಕ್ಕೆ ಕಾಸು ಕೊಡಬೇಕಿಲ್ಲ. ದೂರದರ್ಶನದ ಚಾನೆಲ್‌ಗಳಿಗೆ ಪ್ರಸಾರ ಭಾರತಿಯೇ 2024ರ ನವೆಂಬರ್‌ನಲ್ಲಿ ವೇವ್ಸ್ ಅನ್ನುವ ಆ್ಯಪ್ ತಂದಿದೆ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಸೀರಿಯಲ್ಲೂ ತೆಲುಗು. ಬೆಂಗಳೂರಿನಿಂದ ಬಂದ ಮಗನಿಗೆ ಇದು ನೆನಪೇ ಇರುವುದಿಲ್ಲ. ಸ್ಟಾರ್ ಮಾ ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ತೆಲುಗು ಜೀ5ನಲ್ಲಿ, ಜೆಮಿನಿ ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತದೆ. ಈಟಿವಿ ನೋಡುವವರಿಗೆ ಮಾತ್ರ ಈಟಿವಿ ವಿನ್ ಅನ್ನುವ ಬೇರೆ ಆ್ಯಪ್ ಬೇಕು. ಇದನ್ನು ಬಿಟ್ಟರೆ ಅಜ್ಜಿ ಎರಡನೇ ದಿನವೇ ಕೇಬಲ್ ವಾಪಸ್ ಹಾಕಿಸು ಅನ್ನುತ್ತಾರೆ.

ದುಡ್ಡಿನ ಲೆಕ್ಕ

ಮನೆಯಲ್ಲಿ ಈಗಾಗಲೇ ಬ್ರಾಡ್‌ಬ್ಯಾಂಡ್ ಇದ್ದರೆ ಸ್ಟಿಕ್‌ನಿಂದ ಲಾಭ ಇದೆ. ಬರೀ ಟಿವಿಗೋಸ್ಕರ ಹೊಸದಾಗಿ ಹಾಕಿಸುತ್ತೀರಾದರೆ ಉಳಿತಾಯದ ಆಸೆ ಬಿಡಿ. 399 ರೂಪಾಯಿ ಪ್ಲಾನ್ ಅಂದರೆ ಶೇ 18 ಜಿಎಸ್‌ಟಿ ಸೇರಿ 471 ಆಗುತ್ತದೆ. ಅದರ ಮೇಲೆ ಆ್ಯಪ್‌ಗಳ ದುಡ್ಡು. ಕೇಬಲ್ ಬಿಲ್ ಜಾಸ್ತಿ ಅನ್ನುವುದೊಂದೇ ತೊಂದರೆಯಾದರೆ, ಬೇಡದ ಚಾನೆಲ್‌ಗಳನ್ನು ತೆಗೆಸಿ ನೋಡಿ. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ಜಾರಿಗೆ ಬಂದಾಗಿನಿಂದ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳುವ ಹಕ್ಕು ನಮಗಿದೆ. ಅದನ್ನು ಕೇಳುವವರೇ ಕಡಿಮೆ.

ಆ್ಯಪ್ ಪ್ಲಾನ್ ಕೊಳ್ಳುವಾಗ "ಮೊಬೈಲ್" ಅಂತ ಇರುವುದನ್ನು ತೆಗೆದುಕೊಳ್ಳಬೇಡಿ. ನೆಟ್‌ಫ್ಲಿಕ್ಸ್‌ನ 149 ರೂಪಾಯಿ ಮೊಬೈಲ್ ಪ್ಲಾನ್ ಟಿವಿಯಲ್ಲಿ ಓಡುವುದಿಲ್ಲ. ಫೋನ್ ರೀಚಾರ್ಜ್ ಜೊತೆ ಉಚಿತವಾಗಿ ಬರುವ ಪ್ಲಾನ್‌ಗಳಲ್ಲೂ ಹಲವು ಹೀಗೇ ಇರುತ್ತವೆ.

ಫೋನ್ ಹಾಟ್‌ಸ್ಪಾಟ್‌ನಲ್ಲಿ ಟಿವಿ ನೋಡುತ್ತೇವೆ ಅನ್ನುವವರಿಗೆ ಒಂದು ಮಾತು. ದೊಡ್ಡ ಪರದೆಗೆ ಎಚ್‌ಡಿ ಚಿತ್ರ ಬಂದರೆ ಗಂಟೆಗೆ 3 ಜಿಬಿವರೆಗೂ ಖರ್ಚಾಗಬಹುದು. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಎರಡು ಸೀರಿಯಲ್ ಮುಗಿಯುವಷ್ಟರಲ್ಲಿ ಅದೂ ಮುಗಿದಿರುತ್ತದೆ.

ಡಬ್ಬಿಯ ಜಾಗ

ಇಲ್ಲಿ ನಿಧಾನವಾಗಿ ಓದಿ. ಕೆಲಸ ಕೆಡುವುದು ಇಲ್ಲೇ.

ನೆಟ್‌ನ ಫೈಬರ್ ವೈರ್ ಹಾಕಲು ಬರುವ ಹುಡುಗರಿಗೆ ದಿನಕ್ಕೆ ಎಷ್ಟೋ ಮನೆಗಳ ಕೆಲಸ ಇರುತ್ತದೆ. ಕಂಬದಿಂದ ವೈರ್ ಎಲ್ಲಿ ಒಳಗೆ ಬರುತ್ತದೋ ಅಲ್ಲೇ ತೂತು ಕೊರೆದು, ಅಲ್ಲೇ ಡಬ್ಬಿ ನೇತುಹಾಕಿ ಹೋಗುತ್ತಾರೆ. ಅದು ಮೆಟ್ಟಿಲ ಕೆಳಗಿರಬಹುದು, ಮುಂದಿನ ವರಾಂಡದಲ್ಲಿರಬಹುದು, ಮೀಟರ್ ಬೋರ್ಡ್ ಪಕ್ಕ ಇರಬಹುದು. ಟಿವಿ ಇರುವುದು ನಡುಮನೆಯಲ್ಲಿ.

ಶಿಡ್ಲಘಟ್ಟದ ಹತ್ತಿರ ನಮ್ಮ ಅತ್ತೆಯ ಮನೆಯಲ್ಲಿ ಹೀಗೇ ಆಯಿತು. ಹಳೇ ಮನೆ. ಗೋಡೆ ಒಂದೂವರೆ ಅಡಿ ದಪ್ಪ, ಮೇಲೆ ಕಲ್ಲು ಚಪ್ಪಡಿ. ನೆಟ್ 40 ಎಂಬಿಪಿಎಸ್ ವೇಗದ ಪ್ಲಾನ್. ಡಬ್ಬಿ ಪಕ್ಕ ನಿಂತರೆ ಫೋನಿನಲ್ಲಿ 38 ತೋರಿಸುತ್ತಿತ್ತು, ಟಿವಿ ಹತ್ತಿರ ಹೋದರೆ 2. ಅವರು ಅಷ್ಟರಲ್ಲಿ ಎರಡು ಸಲ ಸ್ಟಿಕ್ ಬದಲಾಯಿಸಿದ್ದರು. ಕೊನೆಗೆ ಹತ್ತು ಹನ್ನೆರಡು ಮೀಟರ್ ಫೈಬರ್ ಜಾಸ್ತಿ ಎಳೆಸಿ ಡಬ್ಬಿಯನ್ನು ನಡುಮನೆಗೆ ತಂದೆವು. ಅವತ್ತು ರಾತ್ರಿಯಿಂದ ಚಕ್ರ ಸುತ್ತಿಲ್ಲ.

ಹಾಗಾಗಿ ತೂತು ಕೊರೆಯುವ ಮುಂಚೆಯೇ ಜಾಗ ತೋರಿಸಿ. "ಡಬ್ಬಿ ಟಿವಿ ಇರುವ ರೂಮಿನಲ್ಲೇ ಬೇಕಪ್ಪ, ವೈರ್ ಜಾಸ್ತಿ ಆದರೆ ಅದರ ದುಡ್ಡು ಕೊಡುತ್ತೀನಿ" ಅಂತ ನೇರವಾಗಿ ಹೇಳಿ. ಒಳಗೆ ಬರುವ ತೆಳು ವೈರಿನಲ್ಲಿ ಗಾಜಿನ ಎಳೆ ಇರುತ್ತದೆ. ಅದನ್ನು ಬಾಗಿಲ ಸಂದಿಯಲ್ಲಿ ಹಿಚುಕಬೇಡಿ, ಮೊಳೆ ಹೊಡೆದು ಮಡಿಸಬೇಡಿ. ಮೂಲೆಯಲ್ಲಿ ದುಂಡಗೆ ತಿರುಗಲಿ.

ಡಬ್ಬಿ ಎದೆಯ ಎತ್ತರದಲ್ಲೋ ಅದಕ್ಕಿಂತ ಸ್ವಲ್ಪ ಮೇಲೋ ಇರಲಿ, ಸುತ್ತ ಗಾಳಿಯಾಡಲಿ. ಧೂಳು ಕೂರುತ್ತದೆ ಅಂತ ಸ್ಟೀಲ್ ಬೀರುವಿನೊಳಗೆ ಇಟ್ಟವರನ್ನು ನೋಡಿದ್ದೇನೆ. ಕಬ್ಬಿಣ ಸಿಗ್ನಲ್ ತಡೆಯುತ್ತದೆ. ದೊಡ್ಡ ಕನ್ನಡಿ, ನೀರು ತುಂಬಿದ ಡ್ರಮ್, ಫ್ರಿಜ್ ಕೂಡ ಅಡ್ಡ ಬರುತ್ತವೆ. ಟಿವಿಯ ಬೆನ್ನ ಹಿಂದೆ ಬಚ್ಚಿಡಬೇಡಿ.

ಈಗಿನ ಹೆಚ್ಚಿನ ಡಬ್ಬಿಗಳು ಎರಡು ವೈಫೈ ಕೊಡುತ್ತವೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. ಅಕ್ಕಪಕ್ಕದ ಮನೆಗಳ ವೈಫೈ ಜೊತೆ ಗುದ್ದಾಟವೂ ಇದರಲ್ಲೇ ಜಾಸ್ತಿ. 5 ಗಿಗಾಹರ್ಟ್ಸ್‌ನದು ವೇಗ, ಆದರೆ ದಪ್ಪ ಗೋಡೆ ಕಂಡರೆ ಸೋಲುತ್ತದೆ. ಟಿವಿಯೂ ಡಬ್ಬಿಯೂ ಒಂದೇ ರೂಮಿನಲ್ಲಿದ್ದರೆ ಸ್ಟಿಕ್ಕಿಗೆ 5 ಕೊಡಿ. ನಡುವೆ ಗೋಡೆ ಇದ್ದರೆ 2.4 ಕೊಡಿ. ಎರಡಕ್ಕೂ ಬೇರೆ ಬೇರೆ ಹೆಸರು ಇಡಿಸಿಕೊಂಡರೆ ಗೊಂದಲ ಇರುವುದಿಲ್ಲ.

ಈಗ ಪರೀಕ್ಷೆ. ಇದನ್ನು ಬೆಳಿಗ್ಗೆ ಹತ್ತು ಗಂಟೆಗೆ ಮಾಡಿದರೆ ಪ್ರಯೋಜನವಿಲ್ಲ. ಊರೆಲ್ಲಾ ಮನೆ ಸೇರಿ ನೆಟ್ ಹಾಕಿಕೊಂಡಿರುವ ರಾತ್ರಿ ಎಂಟೂವರೆಗೆ ಮಾಡಿ. ಫೋನನ್ನು ಟಿವಿಯ ಹಿಂಭಾಗಕ್ಕೆ ಹಿಡಿದು ಸ್ಪೀಡ್ ಟೆಸ್ಟ್ ಓಡಿಸಿ, ಮೂರು ರಾತ್ರಿ. ಎಚ್‌ಡಿಗೆ 5 ಎಂಬಿಪಿಎಸ್ ಸಾಕು ಅನ್ನುತ್ತಾರೆ. ನಾನು 15ಕ್ಕಿಂತ ಕಡಿಮೆ ಬಂದರೆ ಒಪ್ಪುವುದಿಲ್ಲ. ಟಿವಿ ಓಡುವಾಗಲೇ ಮನೆಯಲ್ಲಿ ಎರಡು ಫೋನ್ ಕೂಡ ಓಡುತ್ತಿರುತ್ತವೆ, ಅಲ್ವಾ?

ಡಬ್ಬಿ ಸರಿಸಲು ಆಗದಿದ್ದರೆ ಅದರಿಂದ ಟಿವಿವರೆಗೆ ನೆಟ್ ಒಯ್ಯುವ ವೈರ್, ಅಂದರೆ ಲ್ಯಾನ್ ಕೇಬಲ್ ಎಳೆಯಿರಿ. ನೂರು ಮೀಟರ್‌ವರೆಗೂ ವೇಗ ಕಡಿಮೆಯಾಗುವುದಿಲ್ಲ. ಸ್ಟಿಕ್ಕಿಗೆ ಅದರದ್ದೇ ಸಣ್ಣ ಲ್ಯಾನ್ ಅಡಾಪ್ಟರ್ ಬೇಕಾಗುತ್ತದೆ. ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್ ಮಾತ್ರ ತರಬೇಡಿ. ಬಂದ ಸಿಗ್ನಲ್ ಹಿಡಿಯುವುದಕ್ಕೂ ಅದನ್ನು ಮುಂದೆ ಕಳಿಸುವುದಕ್ಕೂ ಅದು ಒಂದೇ ದಾರಿ ಬಳಸುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ.

ಕರೆಂಟ್ ವಿಷಯ ಮರೆಯಬೇಡಿ. ಕರೆಂಟ್ ಹೋದಾಗ ಇನ್ವರ್ಟರ್‌ನಿಂದ ಟಿವಿ ಓಡುತ್ತಿರುತ್ತದೆ, ಡಬ್ಬಿ ಆರಿಹೋಗಿರುತ್ತದೆ. ಅದನ್ನು ಚುಚ್ಚಿದ ಪ್ಲಗ್ ಪಾಯಿಂಟ್‌ಗೆ ಇನ್ವರ್ಟರ್ ಲೈನ್ ಇಲ್ಲದ್ದೇ ಕಾರಣ. ಲೈನ್ ಕೊಡಿಸಿ, ಇಲ್ಲವೇ ಡಬ್ಬಿಗೆ ಬ್ಯಾಟರಿ ಇರುವ ಒಂದು ಸಣ್ಣ ಯುಪಿಎಸ್ ತನ್ನಿ. ತರುವ ಮುಂಚೆ ಡಬ್ಬಿಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ಓದಿಕೊಳ್ಳಿ. ಸಾಮಾನ್ಯವಾಗಿ 12 ಇರುತ್ತದೆ.

ಸ್ಟಿಕ್ ಕೊಳ್ಳುವುದು, ಚುಚ್ಚುವುದು

ಹೆಸರು ಗೊತ್ತಿರುವ ಕಂಪನಿಯದೇ ಕೊಳ್ಳಿ. ನಾನು ಫೈರ್ ಟಿವಿ ಸ್ಟಿಕ್ ಅಥವಾ ಗೂಗಲ್ ಟಿವಿ ಇರುವ ಸ್ಟಿಕ್ ಬಿಟ್ಟು ಬೇರೆ ಹೇಳುವುದಿಲ್ಲ. ಹಳೇ ಸ್ಮಾರ್ಟ್ ಟಿವಿ ಇದ್ದರೂ ಸ್ಟಿಕ್ ಹಾಕಿಕೊಳ್ಳುವುದೇ ಮೇಲು, ಆ ಟಿವಿಗಳಿಗೆ ಆ್ಯಪ್‌ಗಳ ಹೊಸ ಅಪ್‌ಡೇಟ್ ಬರುವುದು ನಿಂತಿರುತ್ತದೆ. ಡಬ್ಬದಂಥ ಹಳೇ ಟಿವಿಯಲ್ಲಿ ಸ್ಟಿಕ್ ಚುಚ್ಚುವ ಎಚ್‌ಡಿಎಂಐ ತೂತು ಇರುವುದಿಲ್ಲ. ಕನ್ವರ್ಟರ್ ಹಾಕಿದರೆ ಚಿತ್ರ ಬರುತ್ತದೆ, ಅಕ್ಷರ ಓದಲಾಗುವುದಿಲ್ಲ. ಆ ಟಿವಿಗೆ ಕೇಬಲ್ಲೇ ಇರಲಿ.

"ಒಂದು ಸಲ ದುಡ್ಡು ಕೊಡಿ, ಜೀವನಪೂರ್ತಿ ಎಲ್ಲಾ ಚಾನೆಲ್ ಫ್ರೀ" ಅನ್ನುವ ಹೆಸರಿಲ್ಲದ ಆಂಡ್ರಾಯ್ಡ್ ಪೆಟ್ಟಿಗೆಗಳನ್ನು ಮನೆಗೆ ತರಲೇಬೇಡಿ. ಪಕ್ಕದ ಮನೆಯವರು ಒಂದು ಅಂಗಡಿಯಿಂದ ತಂದಿದ್ದರು. ನಾಲ್ಕು ತಿಂಗಳಿಗೆ ಚಾನೆಲ್‌ಗಳು ಒಂದೊಂದಾಗಿ ನಿಂತವು, ಅಂಗಡಿಯವರು ಕೈ ಎತ್ತಿದರು. ದುಡ್ಡು ಹೋದರೆ ಹೋಯಿತು ಅನ್ನಬಹುದು. ಇಂಥ ಪೆಟ್ಟಿಗೆಗಳಲ್ಲಿ ಕೊಳ್ಳುವ ಮುಂಚೆಯೇ ಕಳ್ಳ ಸಾಫ್ಟ್‌ವೇರ್ ಕೂತಿರಬಹುದು. ಮನೆಯ ನೆಟ್‌ವರ್ಕನ್ನೇ ಬೇರೆಯವರು ಬಳಸಿಕೊಳ್ಳುತ್ತಾರೆ ಅಂತ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಅದೇ ವೈಫೈನಲ್ಲಿ ನಿಮ್ಮ ಫೋನ್‌ಪೇ, ಬ್ಯಾಂಕ್ ಆ್ಯಪ್ ಕೂಡ ಓಡುತ್ತಿರುತ್ತದೆ.

ಚುಚ್ಚುವುದು ಎರಡು ನಿಮಿಷದ ಕೆಲಸ, ಪರದೆ ಮೇಲೆ ಬಂದಂತೆ ಮಾಡುತ್ತಾ ಹೋಗಿ. ಎರಡು ತಪ್ಪು ಮಾತ್ರ ಮಾಡಬೇಡಿ. ಸ್ಟಿಕ್ಕಿಗೆ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಹಳೇ ಯುಎಸ್‌ಬಿ ಅರ್ಧ ಆಂಪಿಯರ್ ಕೊಡುತ್ತದೆ, ಸ್ಟಿಕ್ಕಿಗೆ ಸಾಲದು. ಸುಮ್ನೆ ಸುಮ್ನೆ ಆಫ್ ಆಗಿ ಆನ್ ಆಗುತ್ತದೆ. ಅದರ ಜೊತೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ. ಎರಡನೆಯದು, ಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ವೈರನ್ನು ಬಿಸಾಡಬೇಡಿ. ಸ್ಟಿಕ್ ಅದರ ತುದಿಯಲ್ಲಿ ನೇತಾಡಲಿ. ಟಿವಿ ಬೆನ್ನಿಗೆ ಅಂಟಿಕೊಂಡರೆ ಬಿಸಿಯೂ ಜಾಸ್ತಿ, ವೈಫೈಯೂ ಸರಿಯಾಗಿ ಸಿಗುವುದಿಲ್ಲ.

ರಿಮೋಟ್ ಹಿರಿಯರ ಕೈಗೆ

ಮೊದಲ ದಿನ ನಮ್ಮ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಏನಪ್ಪಾ, ಇದರಲ್ಲಿ ಚಂದನ ಎಷ್ಟನೇ ನಂಬರು?" ಇಪ್ಪತ್ತು ವರ್ಷದಿಂದ ಟಿವಿ ಅಂದರೆ ಅವರಿಗೆ ನಂಬರು. ಇಲ್ಲಿ ನಂಬರೇ ಇಲ್ಲ.

ಬೇಡದ ಆ್ಯಪ್‌ಗಳನ್ನೆಲ್ಲಾ ತೆಗೆಯಿರಿ. ಬೇಕಾದ ನಾಲ್ಕನ್ನು ಮೊದಲ ಸಾಲಿಗೆ ತನ್ನಿ, ಆ ಸಾಲು ಮತ್ತೆ ಬದಲಾಗಬಾರದು. "ಎಡದಿಂದ ಎರಡನೇದು ಜೀ" ಅನ್ನುವುದು ಹಿರಿಯರಿಗೆ ಹೊಸ ನಂಬರಾಗುತ್ತದೆ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಟಿವಿಯ ಸೆಟ್ಟಿಂಗ್‌ನಲ್ಲಿ "ಎಚ್‌ಡಿಎಂಐ ಸಿಇಸಿ" ಅನ್ನುವ ಆಯ್ಕೆಯನ್ನು ಆನ್ ಮಾಡಿದರೆ ಸ್ಟಿಕ್ ರಿಮೋಟಿನ ಹೋಮ್ ಗುಂಡಿ ಒತ್ತಿದೊಡನೆ ಟಿವಿಯೂ ಆನ್ ಆಗುತ್ತದೆ. ಹಳೇ ಟಿವಿ ರಿಮೋಟ್ ಕೂಡ ಬಳಸುತ್ತಾರಾದರೆ ಅದರ "ಸೋರ್ಸ್" ಗುಂಡಿ ಮೇಲೆ ಟೇಪ್ ಅಂಟಿಸಿ. "ನೋ ಸಿಗ್ನಲ್" ಅಂತ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಆ ಗುಂಡಿಯಿಂದ ಬರುತ್ತವೆ.

ಅವರ ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಒತ್ತಿಸಿ. ನೀವು ಒತ್ತಿ ತೋರಿಸಿದರೆ ಕಲಿತಂತೆ ಆಗುವುದಿಲ್ಲ. ಒಂದು ದಿನ ಸಾಲದು, ನಾಲ್ಕು ಸಂಜೆ ಕೂರಬೇಕು. ಹಬ್ಬಕ್ಕೆ ಎರಡು ದಿನ ರಜೆ ಹಾಕಿ ಬಂದವರು ಈ ಕೆಲಸವನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಲಿ.

ಕ್ರಿಕೆಟ್ ನೋಡುವವರಿಗೂ ಮೊದಲೇ ಹೇಳಿಡಿ. ನೆಟ್‌ನಲ್ಲಿ ಬರುವ ಲೈವ್ ಕೇಬಲ್‌ಗಿಂತ ಕೆಲವು ಸೆಕೆಂಡ್ ಹಿಂದೆ ಇರುತ್ತದೆ. ಪಕ್ಕದ ಮನೆಯಲ್ಲಿ ಕೂಗು ಕೇಳಿಸಿದ ಮೇಲೆ ನಿಮ್ಮ ಮನೆಯಲ್ಲಿ ಸಿಕ್ಸರ್ ಬರುತ್ತದೆ.

ತೆಗೆಸುವ ದಿನ

ತಿಂಗಳು ಕಳೆದ ಮೇಲೂ ಯಾರೂ ಕೇಬಲ್ ರಿಮೋಟ್ ಮುಟ್ಟಿಲ್ಲ ಅಂದರೆ ಆಗ ತೆಗೆಸಿ. ಕೇಬಲ್‌ನವರ ಜೊತೆ ಜಗಳ ಬೇಡ. ನಮ್ಮ ಊರುಗಳಲ್ಲಿ ಎಷ್ಟೋ ಕಡೆ ಕೇಬಲ್ ಕೊಡುವವರೇ ಫೈಬರ್ ನೆಟ್ಟೂ ಕೊಡುತ್ತಾರೆ. ಮಳೆಗೆ ವೈರ್ ಹರಿದರೆ ಮರುದಿನ ಏಣಿ ತರುವವರೂ ಅವರೇ. ಸೆಟ್ ಟಾಪ್ ಬಾಕ್ಸ್ ನಿಮ್ಮದೋ ಅವರದೋ ಕೇಳಿ. ಅವರದಾದರೆ ಅಡಾಪ್ಟರ್, ರಿಮೋಟ್ ಸಮೇತ ಕೊಟ್ಟು ಚೀಟಿ ಬರೆಸಿಕೊಳ್ಳಿ.

ಅವತ್ತೇ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ, ಅಂದರೆ ತಾನಾಗಿಯೇ ದುಡ್ಡು ಕತ್ತರಿಸುವವರ ಪಟ್ಟಿ, ತೆಗೆದು ನೋಡಿ. ಈ ಒಂದು ತಿಂಗಳಲ್ಲಿ ರುಚಿ ನೋಡಲು ಹಾಕಿಕೊಂಡ ಆ್ಯಪ್‌ಗಳು ಅಲ್ಲಿರುತ್ತವೆ. ಬೇಡದ್ದನ್ನು ಅಲ್ಲೇ ರದ್ದು ಮಾಡಿ. ಆ್ಯಪ್ ಅಳಿಸಿದ ಮಾತ್ರಕ್ಕೆ ದುಡ್ಡು ಕತ್ತರಿಸುವುದು ನಿಲ್ಲುವುದಿಲ್ಲ.

ಕೇಬಲ್ ವೈರನ್ನು ಮಾತ್ರ ಕಿತ್ತು ಬಿಸಾಡಬೇಡಿ. ಸುರುಳಿ ಸುತ್ತಿ ಗೋಡೆಗೆ ಕಟ್ಟಿಡಿ. ಮುಂದೆ ಡಿಡಿ ಫ್ರೀ ಡಿಶ್ ಹಾಕಿಸಿದರೆ ಅದು ಉಪಯೋಗಕ್ಕೆ ಬರಬಹುದು. ಆ ಡಿಶ್ಶಿಗೆ ತಿಂಗಳ ಬಾಡಿಗೆ ಇಲ್ಲ. ಅತ್ತೆಯ ಮನೆಯಲ್ಲಿ ಹಾಕಿಸಿದ್ದೇವೆ, ನೆಟ್ ಹೋದ ಸಂಜೆ ಅವರು ಅದರಲ್ಲಿ ಚಂದನ ನೋಡುತ್ತಾರೆ.