ಅಪ್ಪ-ಅಮ್ಮನ ಮನೆ: ಬಾಡಿಗೆಗೆ ಕೊಡುವುದೋ, ಮಾರುವುದೋ?

ಮೊದಲು ಮನೆಯ ಖಾತೆ (ಪಾಲಿಕೆಯ ಆಸ್ತಿ ದಾಖಲೆ) ನೋಡಿ. ಅದು ಇನ್ನೂ ತೀರಿಕೊಂಡವರ ಹೆಸರಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿ. ಮಾರಾಟಕ್ಕೆ ಇದು ಬೇಕೇ ಬೇಕು, ಬಾಡಿಗೆಗೂ ಆಗಿದ್ದರೆ ಒಳ್ಳೆಯದು.

ಆಮೇಲೆ ಲೆಕ್ಕ. ಉದಾಹರಣೆಗೆ, ಮೈಸೂರಿನಲ್ಲಿ 1.2 ಕೋಟಿ ಬೆಲೆಯ ಮನೆಗೆ ತಿಂಗಳಿಗೆ 25,000 ಬಾಡಿಗೆ ಅಂದುಕೊಳ್ಳಿ. ವರ್ಷಕ್ಕೆ 3 ಲಕ್ಷ. ಒಂದು ತಿಂಗಳು ಖಾಲಿ ಬಿದ್ದರೆ 25,000, ಕಂದಾಯ 8,000, ಸುಣ್ಣ-ಬಣ್ಣ, ರಿಪೇರಿಗೆ 35,000 ಕಳೆಯಿರಿ. ಉಳಿಯುವುದು 2.32 ಲಕ್ಷ, ಅಂದರೆ ಬೆಲೆಯ ಶೇ. 2ಕ್ಕೂ ಕಡಿಮೆ. ಬರೀ ಬಾಡಿಗೆ ಆಸೆಗೆ ಮನೆ ಉಳಿಸಿಕೊಳ್ಳುವುದು ಲಾಭವಲ್ಲ. ನಿವೇಶನದ ಬೆಲೆ ಏರುತ್ತದೆಂಬ ಭರವಸೆಯಿದ್ದರೆ ಮಾತು ಬೇರೆ.

ಹಳೇ ಮನೆಯಲ್ಲಿ ಹಣ ನುಂಗುವುದು ನೀರು. ಬಚ್ಚಲುಮನೆಯ ಹಿಂಬದಿ ಗೋಡೆ ಮುಟ್ಟಿ ನೋಡಿ: ಬಣ್ಣ ಉಬ್ಬಿ, ಬೆರಳಿಗೆ ಬಿಳಿ ಪುಡಿ ಹತ್ತಿದರೆ ಒಳಗೆ ಪೈಪ್ ಸೋರುತ್ತಿರಬಹುದು. ಅದನ್ನು ಸರಿಮಾಡದೆ ಬಣ್ಣ ಹೊಡೆಸಿದರೆ ಮತ್ತೆ ಉದುರುತ್ತದೆ.

ಅಣ್ಣ-ತಮ್ಮ, ಅಕ್ಕ-ತಂಗಿಯರ ನಡುವೆ ಮನಸ್ತಾಪ ಬರುವುದು ಬಾಡಿಗೆ ಹಂಚಿಕೆಗಿಂತ ರಿಪೇರಿ ಖರ್ಚಿನಲ್ಲಿ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು, ಬಾಡಿಗೆಯನ್ನು ಅದಕ್ಕೆ ಹಾಕಿಸಿ, ಖರ್ಚು ಕಳೆದ ಮೇಲೆ ಹಂಚಿಕೊಳ್ಳಿ. ಅಡ್ವಾನ್ಸ್ ಮಾತ್ರ ಮುಟ್ಟಬೇಡಿ, ಅದು ಬಾಡಿಗೆದಾರರ ಹಣ. ತೆರಿಗೆಯನ್ನು ಅವರವರ ಪಾಲಿಗೆ ಅವರವರೇ ಕಟ್ಟಬೇಕು. ಪಾಲುದಾರರೊಬ್ಬರು ಅನಿವಾಸಿಯಾಗಿದ್ದರೆ ಅವರ ಪಾಲಿನ ಬಾಡಿಗೆಯಲ್ಲಿ ಬಾಡಿಗೆದಾರರೇ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಕರಾರಿಗೆ ಮೊದಲೇ ತಿಳಿಸಿ.